ನಳದ ನೀರು ಗಾಡಿಗಲ್ಲ

ಹಿಂದೆಮುಂದೆ ನೋಡದೆ ದುಡ್ಡು ಉಡಾಯಿಸುವವನನ್ನು ಕಂಡರೆ 'ನೀರಿನಂತೆ ಖರ್ಚು ಮಾಡುತ್ತಾನೆ' ಎನ್ನುವುದು ನಮ್ಮ ರೂಢಿ. ಈ ಮಾತು ಹುಟ್ಟಿದ ಕಾಲದಲ್ಲಿ ನೀರು ಅಷ್ಟು ಅಗ್ಗವಾಗಿದ್ದಿರಬೇಕು. ಇಂದು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಯಾವ ತಾಯಿಯೂ ನೀರನ್ನು ನೀರಿನಂತೆ ಖರ್ಚು ಮಾಡುವುದಿಲ್ಲ. ನಳ ಬರುವ ದಿನಕ್ಕಾಗಿ ಕಾಯುತ್ತಾಳೆ. ಕೊಡ, ಬಕೆಟ್ಟು, ಡ್ರಮ್ಮು ಎಲ್ಲವನ್ನೂ ತುಂಬಿಸಿಟ್ಟು ಮುಂದಿನ ಸರದಿಯವರೆಗೆ ಅಳೆದು ತೂಗಿ ಬಳಸುತ್ತಾಳೆ. ಬಟ್ಟೆ ಒಗೆದ ನೀರಿನಲ್ಲಿ ಅಂಗಳ ತೊಳೆಯುತ್ತಾಳೆ, ಕಾಯಿಪಲ್ಯ ತೊಳೆದ ನೀರನ್ನು ಗಿಡಕ್ಕೆ ಹಾಕುತ್ತಾಳೆ. ಅದೇ ದಿನ, ಅದೇ ಓಣಿಯಲ್ಲಿ, ಮನೆಯ ಮುಂದೆ ಕಾರು ನಿಲ್ಲಿಸಿ, ನಳಕ್ಕೆ ನೇರವಾಗಿ ಮೋಟಾರು ಹಚ್ಚಿ, ಪೈಪು ಹಿಡಿದು ನಿಲ್ಲುವ ಗಂಡಸರೂ ಇದ್ದಾರೆ. ತೊಳೆದ ನೀರು ಗಟಾರ ಸೇರುತ್ತದೆ. ಕಾರು ಫಳಫಳ ಹೊಳೆಯುತ್ತದೆ. ಓಣಿಯ ಕೊನೆಯ ಮನೆಗಳ ನಳದಲ್ಲಿ ಬರೀ ಗಾಳಿ ಬರುತ್ತದೆ.

ನಾವು ಹೇಳಹೊರಟಿರುವುದು ಇಷ್ಟೇ. ಕುಡಿಯಲೆಂದು ಶುದ್ಧೀಕರಿಸಿ ಮನೆ ಬಾಗಿಲಿಗೆ ಕಳಿಸಿದ ನೀರಿನಲ್ಲಿ ಕಾರು ತೊಳೆಯುವುದು ಅನ್ಯಾಯ. ಅದು ನೆರೆಮನೆಯವರ ಪಾಲನ್ನು ಕಸಿದುಕೊಳ್ಳುವ ಕೆಲಸ. ಅರ್ಧ ಬಕೆಟ್ ನೀರಿನಲ್ಲಿ, ಧೂಳು ಮಾತ್ರ ಕೂತಿದ್ದರೆ ನೀರನ್ನೇ ಸುರಿಯದೆ, ಕಾರನ್ನು ಸ್ವಚ್ಛಗೊಳಿಸುವ ವಿಧಾನಗಳು ಕೈಗೆಟುಕುವಂತಿರುವ ಈ ಕಾಲದಲ್ಲಿ 'ಬೇರೆ ದಾರಿಯಿಲ್ಲ' ಎಂಬ ನೆಪವೂ ಉಳಿದಿಲ್ಲ.

ಲೆಕ್ಕ ಏನು ಹೇಳುತ್ತದೆ?

ಮನೆಯಲ್ಲಿ ಬಳಸುವ ಸಾಧಾರಣ ಪೈಪಿನಿಂದ ನಿಮಿಷಕ್ಕೆ 10ರಿಂದ 15 ಲೀಟರ್ ನೀರು ಹೊರಬರುತ್ತದೆ. ಹತ್ತು ನಿಮಿಷ ತೊಳೆದರೆ 100ರಿಂದ 150 ಲೀಟರ್. ಸೋಪು ಉಜ್ಜುವಾಗ ಪೈಪನ್ನು ನೆಲದ ಮೇಲೆ ಹರಿಯಲು ಬಿಟ್ಟರೆ 200 ಲೀಟರ್ ದಾಟುವುದು ಕಷ್ಟವಲ್ಲ. ನಾವು ಸುಮಾರಾಗಿ 150 ಲೀಟರ್ ಎಂದೇ ಹಿಡಿಯೋಣ. 2019ರಲ್ಲಿ ಆರಂಭವಾದ ಜಲಜೀವನ್ ಮಿಷನ್ ಹಳ್ಳಿಯ ಒಬ್ಬ ಮನುಷ್ಯನಿಗೆ ದಿನಕ್ಕೆ 55 ಲೀಟರ್ ನೀರು ಕೊಡಬೇಕೆಂಬ ಗುರಿ ಇಟ್ಟುಕೊಂಡಿದೆ. ಕುಡಿಯುವುದು, ಅಡುಗೆ, ಸ್ನಾನ, ಬಟ್ಟೆ, ಶೌಚ ಎಲ್ಲವೂ ಅದರಲ್ಲೇ ಆಗಬೇಕು. ಅಂದರೆ ಒಂದು ಕಾರಿನ ಒಂದು ಸ್ನಾನಕ್ಕೆ ಮೂರು ಜನರ ಒಂದು ದಿನದ ಬದುಕು ಗಟಾರಕ್ಕೆ ಹೋಗುತ್ತದೆ.

ನೀರಿಲ್ಲದ ಊರು ಹೇಗಿರುತ್ತದೆಂದು ನೋಡಲು ನಾವು ಮರುಭೂಮಿಗೆ ಹೋಗಬೇಕಿಲ್ಲ. 2016ರ ಏಪ್ರಿಲ್‌ನಲ್ಲಿ ಮಹಾರಾಷ್ಟ್ರದ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ಸಾಗಿಸಬೇಕಾಯಿತು. ಆ ರೈಲು ಹೊರಟದ್ದು ನಮ್ಮ ಪಕ್ಕದ ಮಿರಜ್‌ನಿಂದ. ಮೊದಲ ರೈಲಿನ ಹತ್ತು ವ್ಯಾಗನ್‌ಗಳಲ್ಲಿದ್ದ ನೀರು ಸುಮಾರು 5 ಲಕ್ಷ ಲೀಟರ್. ಇಡೀ ದೇಶ ಅದನ್ನು ಟಿವಿಯಲ್ಲಿ ಕಣ್ಣರಳಿಸಿ ನೋಡಿತು. ಪೈಪು ಹಿಡಿದು ತೊಳೆದರೆ ಆ ಒಂದು ರೈಲು ನೀರು ಸಾಲುವುದು ಮೂರು ಸಾವಿರದ ಮುನ್ನೂರು ಚಿಲ್ಲರೆ ಕಾರುಗಳಿಗೆ ಮಾತ್ರ. ನಮ್ಮ ನಾಲ್ಕು ತಾಲೂಕುಗಳಲ್ಲಿ ಎಷ್ಟು ಕಾರುಗಳಿವೆ, ಎಷ್ಟು ವಾರಗಳಲ್ಲಿ ಅಂಥ ಒಂದು ರೈಲು ನೀರು ಮಣ್ಣುಪಾಲಾಗುತ್ತದೆ ಎಂಬುದನ್ನು ಓದುಗರೇ ಊಹಿಸಿಕೊಳ್ಳಬಹುದು.

ಕಬ್ಬಿನ ಮಾತು

ಇಲ್ಲಿ ಕೆಲವರು ಒಂದು ಆಕ್ಷೇಪ ಎತ್ತುತ್ತಾರೆ. 'ಮಲಪ್ರಭೆಯ ನೀರನ್ನು ಕಬ್ಬು ಕುಡಿಯುತ್ತಿದೆ. ಅದನ್ನು ಬಿಟ್ಟು ನಮ್ಮ ಕಾರಿನ ಮೇಲೆ ಯಾಕೆ ಕಣ್ಣು?' ಈ ಮಾತಿನಲ್ಲಿ ಸತ್ಯವಿದೆ, ಅದನ್ನು ಮುಚ್ಚಿಡಬೇಕಿಲ್ಲ. ನವಿಲುತೀರ್ಥದ ರೇಣುಕಾಸಾಗರ ಜಲಾಶಯದ ಸಾಮರ್ಥ್ಯ 37.73 ಟಿಎಂಸಿ. ಒಂದು ಟಿಎಂಸಿ ಅಂದರೆ ಸುಮಾರು 2,831 ಕೋಟಿ ಲೀಟರ್. ಒಂದು ಲಕ್ಷ ಕಾರುಗಳನ್ನು ವರ್ಷವಿಡೀ ವಾರಕ್ಕೊಮ್ಮೆ 150 ಲೀಟರ್‌ನಂತೆ ತೊಳೆದರೂ ಖರ್ಚಾಗುವುದು 78 ಕೋಟಿ ಲೀಟರ್. ಅದು ಒಂದು ಟಿಎಂಸಿಯ ನೂರರಲ್ಲಿ ಮೂರು ಪಾಲೂ ಅಲ್ಲ. ಕಾರು ತೊಳೆಯುವುದನ್ನು ಬಿಟ್ಟರೆ ಜಲಾಶಯ ತುಂಬುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕಳಸಾ-ಬಂಡೂರಿಗಾಗಿ ರೈತರು ವರ್ಷಗಟ್ಟಲೆ ಬೀದಿಯಲ್ಲಿ ಕೂತದ್ದು, 2018ರ ಆಗಸ್ಟ್‌ನಲ್ಲಿ ಮಹಾದಾಯಿ ನ್ಯಾಯಮಂಡಳಿ ಮಲಪ್ರಭೆಗೆ 3.9 ಟಿಎಂಸಿ ತಿರುಗಿಸಿಕೊಳ್ಳಲು ಒಪ್ಪಿದ್ದು, ಇವೆಲ್ಲ ಬೇರೆಯೇ ಪ್ರಮಾಣದ ಪ್ರಶ್ನೆಗಳು. ಕಬ್ಬಿನ ಪ್ರಶ್ನೆಯನ್ನೂ ಕೇಳಬೇಕು, ಗಟ್ಟಿಯಾಗಿಯೇ ಕೇಳಬೇಕು.

ಆದರೆ ಕಬ್ಬಿಗೆ ಹೋಗುವ ನೀರು ಕಾಲುವೆಯ ನೀರು. ನಳದಲ್ಲಿ ಬರುವುದು ಹಾಗಲ್ಲ. ಅದನ್ನು ನದಿಯಿಂದ ಪಂಪು ಮಾಡಿ, ಸೋಸಿ, ಕ್ಲೋರಿನ್ ಹಾಕಿ, ಎತ್ತರದ ಟಾಕಿಗೆ ಏರಿಸಿ, ಮೈಲುಗಟ್ಟಲೆ ಪೈಪಿನಲ್ಲಿ ಹರಿಸಿ ತರಲಾಗುತ್ತದೆ. ಅದಕ್ಕೆ ಕರೆಂಟು, ಕೂಲಿ, ರಿಪೇರಿ ಎಲ್ಲ ಸೇರಿದೆ. ಆ ಟಾಕಿಯಲ್ಲಿ ಇರುವುದು ಇಡೀ ಊರಿನ ಪಾಲು, ಅದು ಹರಿಯುವುದು ಕೆಲವೇ ತಾಸು. ಒಬ್ಬನು ಮೋಟಾರು ಹಚ್ಚಿ ಎಳೆದುಕೊಂಡರೆ ಮುಂದಿನ ಮನೆಗಳಲ್ಲಿ ನೀರಿನ ಒತ್ತಡ ಇಳಿಯುತ್ತದೆ. ಜಲಾಶಯದ ಲೆಕ್ಕದಲ್ಲಿ 150 ಲೀಟರ್ ಒಂದು ಹನಿಯೂ ಅಲ್ಲ. ಓಣಿಯ ಲೆಕ್ಕದಲ್ಲಿ ಅದು ಕೊನೆಯ ಮನೆಯ ಹತ್ತು ಕೊಡ. 'ಹೊಳೆ ನೀರಿಗೆ ದೊಣೆನಾಯಕನ ಅಪ್ಪಣೆ ಯಾಕೆ' ಎಂದು ಹಿರಿಯರು ಹೇಳಿದ್ದು ಹೊಳೆಯ ನೀರಿನ ಬಗ್ಗೆ, ನಳದ ನೀರಿನ ಬಗ್ಗೆ ಅಲ್ಲ. ಮತ್ತು ಆ ಕೊನೆಯ ಮನೆಗಳಲ್ಲಿ ಇರುವವರು ಯಾರು? ಹೆಚ್ಚಾಗಿ ಕಾರು ಇಲ್ಲದವರೇ. ಕೂಲಿಯವರು, ನೇಕಾರರು, ಬಾಡಿಗೆ ಮನೆಯವರು. ದೊಡ್ಡ ಅನ್ಯಾಯ ಇದೆ ಎಂಬ ಕಾರಣಕ್ಕೆ ಸಣ್ಣ ಅನ್ಯಾಯ ನ್ಯಾಯವಾಗುವುದಿಲ್ಲ.

ಬಾಟಲಿಯಲ್ಲಿ ಏನಿದೆ?

ಈಗ ಮಾರುಕಟ್ಟೆಯಲ್ಲಿ ಎರಡು ಬಗೆಯ ದ್ರಾವಣಗಳು ಸಿಗುತ್ತವೆ. ಒಂದನ್ನು 'ವಾಟರ್‌ಲೆಸ್' ಎನ್ನುತ್ತಾರೆ. ಅದನ್ನು ಕಾರಿನ ಮೇಲೆ ಸಿಂಪಡಿಸಿ, ಅರ್ಧ ನಿಮಿಷ ಬಿಟ್ಟು, ಮೈಕ್ರೋಫೈಬರ್ ಬಟ್ಟೆಯಿಂದ ಒರೆಸುವುದು. ಇನ್ನೊಂದು 'ರಿನ್ಸ್‌ಲೆಸ್'. ಅದನ್ನು ಬಕೆಟ್ ನೀರಿನಲ್ಲಿ ಕಲಸಿ, ಬಟ್ಟೆ ಅದ್ದಿ ಒರೆಸಿ, ಮತ್ತೆ ನೀರು ಹೊಯ್ಯದೆ ಒಣ ಬಟ್ಟೆಯಿಂದ ಒತ್ತಿ ಒಣಗಿಸುವುದು. ಎರಡರಲ್ಲೂ ಕೆಲಸದ ಗುಟ್ಟು ಒಂದೇ. ಕೊಳೆಯನ್ನು ಸಡಿಲಿಸುವ ಸೋಪಿನ ಜಾತಿಯ ರಾಸಾಯನಿಕ ಇರುತ್ತದೆ, ಜೊತೆಗೆ ಜಾರಿಸುವ ಗುಣದ ಪಾಲಿಮರ್ ಅಥವಾ ಮೇಣ ಇರುತ್ತದೆ. ಅದು ಧೂಳಿನ ಕಣವನ್ನು ಸುತ್ತುವರಿದು ಬಣ್ಣದಿಂದ ಮೇಲೆತ್ತುತ್ತದೆ, ಬಟ್ಟೆಯ ಎಳೆಗಳು ಆ ಕಣವನ್ನು ಒಳಗೆ ಎಳೆದುಕೊಳ್ಳುತ್ತವೆ.

ರಿನ್ಸ್‌ಲೆಸ್ ದ್ರಾವಣವನ್ನು ಬಳಸುವ ರೂಢಿಯ ಅಳತೆ 256ಕ್ಕೆ ಒಂದು. ಅಂದರೆ ಏಳೂವರೆ ಎಂಟು ಲೀಟರ್ ನೀರಿಗೆ ಸುಮಾರು 30 ಮಿ.ಲೀ., ಒಂದೆರಡು ಮುಚ್ಚಳದಷ್ಟು. ಅರ್ಧ ಲೀಟರಿನ ಒಂದು ಬಾಟಲಿ ಹದಿನಾರು ಸಲ ಬರುತ್ತದೆ. 150 ಲೀಟರ್ ಎಲ್ಲಿ, 8 ಲೀಟರ್ ಎಲ್ಲಿ? ಇದು ಪರದೇಶದವರ ಚಟವೂ ಅಲ್ಲ. ನಮ್ಮ ದೇಶದಲ್ಲೇ ಮಾರುತಿ ಸುಝುಕಿಯಂಥ ಕಂಪೆನಿ ತನ್ನ ಸರ್ವಿಸ್ ಕೇಂದ್ರಗಳಲ್ಲಿ 'ಡ್ರೈ ವಾಷ್' ರೂಢಿಸಿಕೊಂಡಿದೆ.

ಮಾಡುವ ಕ್ರಮದಲ್ಲಿ ಶಿಸ್ತು ಬೇಕು. ಗಾಡಿ ನೆರಳಿನಲ್ಲಿರಬೇಕು, ತಗಡು ತಣ್ಣಗಿರಬೇಕು. ಬಿಸಿಲಿನಲ್ಲಿ ದ್ರಾವಣ ಒಣಗಿ ಕಲೆ ನಿಲ್ಲುತ್ತದೆ. ಮೇಲಿನ ಛತ್ತಿನಿಂದ ಆರಂಭಿಸಿ ಕೆಳಗೆ ಬರಬೇಕು, ಬಾಗಿಲಿನ ಕೆಳಭಾಗವನ್ನು ಕಡೆಗೆ ಮುಟ್ಟಬೇಕು, ಗಾಲಿಗೆ ಬೇರೆಯೇ ಬಟ್ಟೆ ಇಟ್ಟುಕೊಳ್ಳಬೇಕು. ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿದರೆ ಎಂಟು ಮುಖಗಳು ಸಿಗುತ್ತವೆ. ಒಂದು ಮುಖ ಕೊಳೆಯಾದ ಕೂಡಲೇ ಮಗುಚಬೇಕು. ದುಂಡಗೆ ತಿಕ್ಕದೆ, ನೇರವಾಗಿ, ಹಗುರವಾಗಿ ಎಳೆಯಬೇಕು.

ಹಾಗಿದ್ದರೂ ಬಾಟಲಿ ಮಾರುವವರಿಗೆ ನಾವು ಒಂದು ಮಾತು ಹೇಳಲೇಬೇಕು. 'ಎಂಥ ಕೊಳೆಯಿದ್ದರೂ ನೀರೇ ಬೇಡ' ಎಂಬ ಜಾಹೀರಾತು ಅರ್ಧ ಸುಳ್ಳು. ಅದನ್ನು ಬರೆದವರು ಬೈಲಹೊಂಗಲದ ಎರೆ ಹೊಲದ ದಾರಿಯಲ್ಲಿ ಮಳೆಗಾಲದಲ್ಲಿ ಗಾಡಿ ಓಡಿಸಿಲ್ಲ. ಎರೆ ಮಣ್ಣು ಹಸಿಯಿದ್ದಾಗ ಅಂಟು, ಒಣಗಿದರೆ ಗಿಲಾವು. ಅದರ ಮೇಲೆ ಬಟ್ಟೆ ಎಳೆದರೆ ಬಣ್ಣದ ತುಂಬ ಗೀರು ಬೀಳುತ್ತದೆ. ಸವದತ್ತಿ, ರಾಮದುರ್ಗದ ಕಲ್ಲುಗುಡ್ಡಗಳ ಕಡೆಯ ಧೂಳಿನಲ್ಲಿ ಮರಳಿನ ಕಣ ಇರುತ್ತದೆ. ಅದು ಕಾರಿನ ಬಣ್ಣಕ್ಕಿಂತ ಗಟ್ಟಿ. ಆದ್ದರಿಂದ ಬರೀ ಧೂಳಿದ್ದರೆ ಸಿಂಪಡಿಸಿ ಒರೆಸುವುದು, ಧೂಳು ದಪ್ಪಗಿದ್ದರೆ ಬಕೆಟ್ಟಿನ ವಿಧಾನ, ರಾಡಿ ಮೆತ್ತಿದ್ದರೆ ಮೊದಲು ನೀರಿನಿಂದ ಅದನ್ನು ನೆನೆಸಿ ಇಳಿಸುವುದು. ಅದಕ್ಕೂ ಪೈಪು ಬೇಕಿಲ್ಲ. ಹೊಲದಲ್ಲಿ ಔಷಧಿ ಹೊಡೆಯುವ ಬೆನ್ನಿನ ಪಂಪು ನಮ್ಮ ಭಾಗದಲ್ಲಿ ಯಾರ ಮನೆಯಲ್ಲಿಲ್ಲ? ಅಂಥದೇ ಹೊಸದೊಂದನ್ನು, ಔಷಧಿ ಮುಟ್ಟಿಸದೆ ಇದಕ್ಕೆಂದೇ ಇಟ್ಟುಕೊಂಡರೆ 16 ಲೀಟರಿನಲ್ಲಿ ರಾಡಿ ಇಳಿಯುತ್ತದೆ. ಆ ನೀರು ಮಳೆಯ ನೀರಾಗಿರಲಿ, ಬಾವಿಯ ಸವಳು ನೀರಾಗಿರಲಿ. ನಳದ ನೀರು ಮಾತ್ರ ಬೇಡ.

ಇನ್ನೂ ಒಂದು. ಕೊಳೆಯಾದ ಬಟ್ಟೆಗಳನ್ನು ಕೊನೆಗೆ ಒಗೆಯಲೇಬೇಕು, ಅದಕ್ಕೂ ಒಂದು ಬಕೆಟ್ ನೀರು ಬೇಕು. ಬಾಟಲಿ ಪ್ಲಾಸ್ಟಿಕ್ಕಿನದು, ಒಳಗಿರುವುದು ರಾಸಾಯನಿಕ. ಇದನ್ನು ಕೊಂಡವನು ಪರಿಸರವನ್ನು ಉದ್ಧಾರ ಮಾಡಿದಂತೆ ಬೀಗಬೇಕಿಲ್ಲ. ಪರಿಸರದ ಹೆಸರಿನಲ್ಲಿ ಆಧಾರವಿಲ್ಲದ ಹೆಗ್ಗಳಿಕೆ ಹೇಳಿ ಮಾರುವುದನ್ನು ತಡೆಯಲು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರ್‌ನಲ್ಲಿ ಮಾರ್ಗಸೂಚಿ ಹೊರಡಿಸಿದೆ. 'ಹಸಿರು' ಎಂಬ ಚೀಟಿ ಅಂಟಿಸಿದ ಮಾತ್ರಕ್ಕೆ ಯಾವುದೂ ಹಸಿರಾಗುವುದಿಲ್ಲ. ಬಾಟಲಿ ಒಂದು ಉಪಕರಣ, ಅಷ್ಟೇ. ಅದು ಸಿಗದಿದ್ದರೆ ಎರಡು ಬಕೆಟ್ ನೀರು, ಒಂದು ಹಸಿ ಅರಿವೆ, ಒಂದು ಒಣ ಅರಿವೆಯೂ ಸಾಕು. ನಮ್ಮ ಹಿರಿಯರು ಸೈಕಲ್ಲು, ಚಕ್ಕಡಿಗಳನ್ನು ಹಾಗೆಯೇ ನೋಡಿಕೊಂಡರು.

ಶುದ್ಧಿಯೋ, ಪ್ರದರ್ಶನವೋ?

ಹಾಗಾದರೆ ಇಷ್ಟು ಸುಲಭದ ದಾರಿ ಇರುವಾಗ ಪೈಪು ಕೈಬಿಡಲು ಯಾಕೆ ಮನಸ್ಸು ಬರುವುದಿಲ್ಲ? ನಮ್ಮ ಅಭಿಪ್ರಾಯದಲ್ಲಿ ಇದು ತಿಳಿವಳಿಕೆಯ ಕೊರತೆಯಲ್ಲ. ಮನೆಯ ಮುಂದೆ ನೀರು ಹರಿಯುವುದು ಒಂದು ಡೌಲು. ಕಾರು ಇದೆ ಎಂಬುದನ್ನು ಊರಿಗೆ ತೋರಿಸಿದಂತೆ, ನೀರೂ ಇದೆ ಎಂಬುದನ್ನು ತೋರಿಸಿದಂತೆ. ಅದರ ಜೊತೆಗೆ, ನೀರು ಧಾರಾಳವಾಗಿ ಸುರಿಯದಿದ್ದರೆ ಶುದ್ಧವೇ ಆಗಲಿಲ್ಲ ಎಂಬ ಭಾವನೆ. ಖಂಡೆ ಪೂಜೆಗೆ, ಈದ್ ಹಬ್ಬಕ್ಕೆ, ಲಗ್ನಕ್ಕೆ, ಎಲ್ಲಮ್ಮನ ಗುಡ್ಡಕ್ಕೆ ಹೊರಡುವ ಮುನ್ನಾ ದಿನ ಗಾಡಿಗೆ ಅಭಿಷೇಕ ಆಗಲೇಬೇಕು.

ಗಾಡಿ ಸ್ವಚ್ಛವಾಗಿರಲಿ, ಯಾರೂ ಬೇಡವೆನ್ನುವುದಿಲ್ಲ. ಆದರೆ ಶುದ್ಧಿಗೂ ದುಂದಿಗೂ ಯಾವ ಧರ್ಮವೂ ಗಂಟು ಹಾಕಿಲ್ಲ. ಪ್ರವಾದಿ ಮುಹಮ್ಮದ್(ಸ)ರು ಒಂದು 'ಮುದ್' ನೀರಿನಲ್ಲಿ ವುಝೂ ಮುಗಿಸುತ್ತಿದ್ದರೆಂದು ಬುಖಾರಿ ಮತ್ತು ಮುಸ್ಲಿಮ್ ಹದೀಸ್ ಸಂಗ್ರಹಗಳು ದಾಖಲಿಸಿವೆ. ಒಂದು ಮುದ್ ಅಂದರೆ ತುಂಬಿದ ಒಂದು ಬೊಗಸೆ, ಇಂದಿನ ಅಳತೆಯಲ್ಲಿ ಒಂದು ಲೀಟರಿನ ಆಸುಪಾಸು ಅಥವಾ ಅದಕ್ಕೂ ಕಡಿಮೆ. ನೀರೇ ಸಿಗದಿದ್ದರೆ ಶುದ್ಧವಾದ ಮಣ್ಣಿನಿಂದ ತಯಮ್ಮುಮ್ ಮಾಡಿ ನಮಾಝಿಗೆ ನಿಲ್ಲಬಹುದು. ದೇವರ ಮುಂದೆ ನಿಲ್ಲುವ ದೇಹಕ್ಕೆ ಒಂದು ಬೊಗಸೆ ನೀರು ಸಾಕಾದರೆ, ಬಾಜಾರಿನಲ್ಲಿ ನಿಲ್ಲುವ ತಗಡಿಗೆ 150 ಲೀಟರ್ ಯಾಕೆ? ಈ ಪ್ರಶ್ನೆಯನ್ನು ಮಸೀದಿಯ ವುಝೂ ನಳಗಳನ್ನು ಪೂರ್ತಿ ತೆರೆದು ಮಾತಾಡುತ್ತ ಕೂರುವವರೂ ಕೇಳಿಕೊಳ್ಳಬೇಕು. ಮಲಪ್ರಭೆ ಕೊನೆಗೆ ಸೇರುವುದು ಕೂಡಲಸಂಗಮದಲ್ಲಿ, ಕೃಷ್ಣೆಯನ್ನು. ದಾಸೋಹವನ್ನು ಬದುಕಾಗಿಸಿಕೊಂಡ ಶರಣರ ನೆಲ ಅದು. ಇದ್ದುದನ್ನು ಹಂಚಿಕೊಳ್ಳುವುದೇ ಅಲ್ಲಿಯ ಪಾಠ. ಹಂಚುವುದು ಅನ್ನವನ್ನು ಮಾತ್ರವೇ?

'ನಮ್ಮ ಬೋರು, ನಮ್ಮ ನೀರು'

'ನಮ್ಮ ಮನಿ ಮುಂದ, ನಮ್ಮ ಗಾಡಿ, ನಮ್ಮ ಬೋರಿನ ನೀರು. ನಿಮಗ್ಯಾಕ್ರೀ?' ಎಂಬುದು ಇನ್ನೊಂದು ಉತ್ತರ. ಬೋರು ನಿಮ್ಮದು, ಮೋಟಾರು ನಿಮ್ಮದು, ಒಪ್ಪೋಣ. ಆದರೆ ನೆಲದೊಳಗಿನ ನೀರಿಗೆ ಕಾಂಪೌಂಡು ಇದೆಯೇ? ನಿಮ್ಮ ಬೋರು ಆಳಕ್ಕೆ ಎಳೆದಷ್ಟೂ ಪಕ್ಕದ ಬಾವಿ ಬತ್ತುತ್ತದೆ. ಅಂತರ್ಜಲ ಖಾಸಗಿ ಆಸ್ತಿಯಲ್ಲ ಎಂಬ ಅರಿವಿನಿಂದಲೇ ಕರ್ನಾಟಕದಲ್ಲಿ 2011ರ ಅಂತರ್ಜಲ ಕಾಯ್ದೆ ಬಂತು. 2023ರಲ್ಲಿ ಮಳೆ ಕೈಕೊಟ್ಟಾಗ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಆಗ ಯಾರ ಬೋರು ಯಾರನ್ನು ಕಾಯ್ದಿತು?

ಕೆಲವರು ಕಾರು, ಟ್ರ್ಯಾಕ್ಟರುಗಳನ್ನು ಹೊಳೆಗೇ ಇಳಿಸಿ ತೊಳೆಯುತ್ತಾರೆ. 'ಹರಿಯುವ ನೀರು, ಯಾರ ಪಾಲೂ ಅಲ್ಲ' ಎಂಬ ಸಮಾಧಾನ ಅವರದು. ಗಾಡಿಯ ಎಣ್ಣೆ, ಗ್ರೀಸು, ಸೋಪು ಹರಿಯುವ ನೀರಿನ ಜೊತೆ ಕೆಳಗಿನ ಊರಿಗೆ ಹೋಗುತ್ತದೆ. ಅಲ್ಲಿ ಅದೇ ಹೊಳೆಯಿಂದ ಕುಡಿಯುವ ನೀರು ಎತ್ತುತ್ತಾರೆ. ರೇಣುಕಾಸಾಗರದ ನೀರನ್ನು ಹುಬ್ಬಳ್ಳಿ-ಧಾರವಾಡದ ಜನರೂ ಕುಡಿಯುತ್ತಾರೆ. 2019ರ ಆಗಸ್ಟ್‌ನಲ್ಲಿ ಇದೇ ಮಲಪ್ರಭೆ ಉಕ್ಕಿ ರಾಮದುರ್ಗದ ಮನೆಗಳನ್ನು ಹೊಕ್ಕಿತು. ಒಂದು ವರ್ಷ ಪ್ರವಾಹ, ಇನ್ನೊಂದು ವರ್ಷ ಬರ. ಹೊಳೆ ಉಕ್ಕಿದ ವರ್ಷವನ್ನು ನೆನೆದು ಬತ್ತುವ ವರ್ಷದಲ್ಲಿ ಧಾರಾಳಿಯಾಗುವುದು ಬುದ್ಧಿವಂತಿಕೆಯಲ್ಲ.

'ವಾಷಿಂಗ್ ಸೆಂಟರ್ ಹುಡುಗರ ಹೊಟ್ಟೆಯ ಮೇಲೆ ಹೊಡೆಯುತ್ತೀರಾ?' ಎಂದು ಕೇಳುವವರೂ ಇದ್ದಾರೆ. ಇದು ನ್ಯಾಯವಾದ ಪ್ರಶ್ನೆ. ಬಕೆಟ್ಟಿನ ವಿಧಾನದಲ್ಲಿ ನೀರಿನ ಕೆಲಸ ಕಡಿಮೆ, ಕೈಯ ಕೆಲಸ ಹೆಚ್ಚು. ಅಂದರೆ ನೀರಿಗೂ ಮೋಟಾರಿನ ಕರೆಂಟಿಗೂ ಹೋಗುತ್ತಿದ್ದ ಹಣ ಕೂಲಿಗೆ ಹೋಗಬೇಕು. ದಿನವಿಡೀ ಒದ್ದೆ ಕಾಲಿನಲ್ಲಿ, ಸೋಪಿನ ನೀರಿನಲ್ಲಿ ನಿಲ್ಲುವ ಹುಡುಗನಿಗೂ ಅದು ಒಳ್ಳೆಯದೇ. ಕೆಲಸ ಕಲಿಸಿ, ಅದಕ್ಕೆ ತಕ್ಕ ಕೂಲಿ ಕೊಡುವ ಹೊಣೆ ಮಾಲೀಕರದು, ಆ ಕೂಲಿಗೆ ತಕ್ಕ ದರ ಕೊಡುವ ಹೊಣೆ ಗಿರಾಕಿಗಳದು.

ಮುಂದೇನು?

2018ರಲ್ಲಿ ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ನಗರದಲ್ಲಿ ಒಬ್ಬೊಬ್ಬರಿಗೆ ದಿನಕ್ಕೆ 50 ಲೀಟರ್ ಎಂದು ಮಿತಿ ಹಾಕಬೇಕಾಯಿತು. ಅಲ್ಲಿ ನಗರಸಭೆಯ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿ, ಕುಡಿಯಲು ಬಾರದ ನೀರನ್ನೋ, ಇಂಥ ನೀರಿಲ್ಲದ ದ್ರಾವಣಗಳನ್ನೋ ಬಳಸಿ ಎಂದರು. ನಮ್ಮ ಬೆಂಗಳೂರು ಜಲಮಂಡಳಿ 2024ರ ಮಾರ್ಚ್‌ನಲ್ಲಿ ಕುಡಿಯುವ ನೀರಿನಿಂದ ವಾಹನ ತೊಳೆದರೆ 5,000 ರೂಪಾಯಿ ದಂಡ, ಮತ್ತೆ ಮಾಡಿದರೆ ದಿನಕ್ಕೆ 500 ರೂಪಾಯಿ ಹೆಚ್ಚುವರಿ ಎಂದು ಆದೇಶಿಸಿ ವಸೂಲಿಯನ್ನೂ ಮಾಡಿತು. 2025ರ ಫೆಬ್ರವರಿಯಲ್ಲಿ ಮತ್ತೆ ಅಂಥದೇ ಆದೇಶ ಹೊರಡಿಸಿತು. ಎರಡೂ ಊರುಗಳಿಗೆ ಬುದ್ಧಿ ಬಂದದ್ದು ಟಾಕಿ ಖಾಲಿಯಾಗತೊಡಗಿದ ಮೇಲೆ. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಿದ ಹಾಗೆ. ಬೆಂಗಳೂರಿನ ಆದೇಶ ನಮ್ಮ ಊರುಗಳಿಗೆ ಅನ್ವಯಿಸುವುದಿಲ್ಲ. ಹಾಗೆಂದು ಬೈಲಹೊಂಗಲ, ರಾಮದುರ್ಗಗಳು ತಮ್ಮ ಟಾಕಿ ಖಾಲಿಯಾಗುವವರೆಗೆ ಕಾಯಬೇಕೇ?

ನಾವು ಕೇಳುವುದು ದೊಡ್ಡದೇನಲ್ಲ. ನಮ್ಮ ಪುರಸಭೆ, ಪಟ್ಟಣ ಪಂಚಾಯಿತಿಗಳು ನಳದ ನೀರಿನಿಂದ ವಾಹನ ತೊಳೆಯುವುದನ್ನು ಬೇಸಿಗೆಗೆ ಮಾತ್ರವಲ್ಲ, ವರ್ಷವಿಡೀ ನಿಲ್ಲಿಸುವ ಠರಾವು ಮಾಡಲಿ. ನಳಕ್ಕೆ ನೇರವಾಗಿ ಹಚ್ಚಿದ ಮೋಟಾರುಗಳನ್ನು ಕೀಳಿಸಲಿ. ಅದರಲ್ಲಿ ಮುಖಂಡರ ಮನೆ, ಬಡವರ ಮನೆ ಎಂಬ ಭೇದ ಬೇಡ. ವಾಷಿಂಗ್ ಸೆಂಟರ್‌ಗಳಿಗೆ ಪರವಾನಗಿ ಕೊಡುವಾಗ ಎಣ್ಣೆ ಬೇರ್ಪಡಿಸುವ ಗುಂಡಿ ಮತ್ತು ತೊಳೆದ ನೀರನ್ನು ತಿಳಿಗೊಳಿಸಿ ಮತ್ತೆ ಬಳಸುವ ವ್ಯವಸ್ಥೆ ಕಡ್ಡಾಯವಾಗಲಿ. ಸರ್ಕಾರಿ ವಾಹನಗಳು ಮೊದಲು ಬಕೆಟ್ಟಿಗೆ ಇಳಿಯಲಿ. ತಹಶೀಲ್ದಾರರ ಜೀಪು ಅರ್ಧ ಬಕೆಟ್ಟಿನಲ್ಲಿ ಸ್ವಚ್ಛವಾದರೆ ಊರಿನ ಕಾರುಗಳೂ ಆಗುತ್ತವೆ.

ಠರಾವು ಬರುವವರೆಗೆ ಕಾಯಬೇಕಾದ ಅಗತ್ಯ ಕಾರಿದ್ದವರಿಗಿಲ್ಲ. ಮುಂದಿನ ಸಲ ಪೈಪಿಗೆ ಕೈ ಹಾಕುವ ಮೊದಲು ಓಣಿಯ ಕೊನೆಯ ಮನೆಯವರೆಗೆ ಒಮ್ಮೆ ನಡೆದು ಹೋಗಿ, ಅವರ ಕೊಡ ತುಂಬಿದೆಯೇ ಎಂದು ಕೇಳಿ ಬನ್ನಿ. ತುಂಬಿಲ್ಲವೆಂದರೆ ಆ ನೀರು ನಿಮ್ಮದಲ್ಲ. ತುಂಬಿದೆಯೆಂದರೂ ಉಳಿದದ್ದು ನಾಳೆಯವರ ಪಾಲು. ಗಾಡಿಗೆ ಅರ್ಧ ಬಕೆಟ್ ಸಾಕು.